ಕೆಂಪು ಹಗ್ಗದ ನಿಜವಾದ ಹೆಸರು

ಸೆಪಿಕ್ ಹೊಳೆಯಿಂದ ಕೆರೆಗೆ ನೀರು ನುಗ್ಗುವ ಕಾಲುವೆಯ ಬಾಯಲ್ಲಿ ಒಂದು ಹೆಮ್ಮರ, ಅದನ್ನು ತಬ್ಬಿಕೊಂಡು ತೊಡೆಗಾತ್ರದ ಬಳ್ಳಿ. ಹೂ ಬಿಟ್ಟರೆ ಕೆಂಡದಂಥ ಗೊಂಚಲುಗಳು ನೀರು ಮುಟ್ಟುವಷ್ಟು ಜೋತುಬೀಳುತ್ತವೆ. ಊರವರು ಅದನ್ನು ಕೆಂಪು ಹಗ್ಗ ಅನ್ನುತ್ತಾರೆ. ನಿಜವಾದ ಹೆಸರು ಬೇರೆ. ಅದು ಬಾಯಿಗೆ ಬಂದಹಾಗೆ ಆಡುವ ಹೆಸರಲ್ಲ. ಊರ ಕೂಟದಲ್ಲಿ ಎಲೆಕಂತೆ ಹಿಡಿದು ಆ ಹೆಸರು ಹೇಳಿದವನ ವಂಶಕ್ಕೆ ಬಳ್ಳಿ ಸೇರುತ್ತದೆ. ಬಳ್ಳಿ ಯಾರದೋ ಕಾಲುವೆಯ ಬಾಯಿ ಅವರದು, ಅಲ್ಲಿನ ಮೀನೂ ಅವರದೇ.

ಅಲ್ಲಿ ಬಲೆ ಹಾಕುತ್ತಿದ್ದದ್ದು ಸ್ಕೊಲಾಳ ತವರಿನವರು. ಆ ಮೀನು ಕೊಟ್ಟು ಸಾಬುಮರದ ತಿರುಳಿನ ಹಿಟ್ಟು ತಂದರೆ ಮಾತ್ರ ಅವಳ ತಾಯಿಯ ಮನೆಯ ಒಲೆ ಉರಿಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಬಳ್ಳಿಯ ಪರ ಮಾತಾಡಬೇಕಾದವನು ತಮ್ಮ ಬ್ಲಾಸಿಯಸ್ ಒಬ್ಬ. ನಾಲ್ಕು ಜನರ ಮುಂದೆ ನಿಂತರೆ ಅವನಿಗೆ ನಾಲಗೆ ಏಳುವುದಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿಯೇ ಸ್ಕೊಲಾಳ ಗಂಡನ ಅಣ್ಣ ಓತ್ಮಾರ್ ಕೂಟ ಕರೆಸಿದ್ದ. ಬಳ್ಳಿಯ ಹೆಸರನ್ನು ಅವನು ಅವಳ ದೊಡ್ಡಪ್ಪ ತಂಬ್ವಿಗೆ ಒಂದು ಹಂದಿ ಕೊಟ್ಟು ತಿಳಿದುಕೊಂಡಿದ್ದ. ಹಿರಿಯನಾದ್ದರಿಂದ ಕೂಟದಲ್ಲಿ ಮೊದಲ ಮಾತೂ ಓತ್ಮಾರನದೇ.

ಸ್ಕೊಲಾಳ ಗಂಡ ಕೆರೂಬಿ ಪಾಪದವನು. ಅಣ್ಣ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ನಡುವೆ ಅವನು ಅಡಿಕೆ ಜಗಿಯುತ್ತ ಕೂತಿದ್ದ. ಗಂಡಸರ ಮಾತಿಗೆ ನೀನು ಹೋಗಬೇಡ, ಅಣ್ಣ ನಮಗೂ ಪಾಲು ಕೊಡುತ್ತಾನೆ ಎಂದು ಸಮಾಧಾನ ಹೇಳಿದ.

"ನಮ್ಮಮ್ಮ ತನ್ನ ಮೀನಿಗೆ ನಿಮ್ಮಣ್ಣನ ಹತ್ರ ಕೈ ಚಾಚ್ಬೇಕಾ?" ಎಂದಳು ಸ್ಕೊಲಾ. "ನಾನಂತೂ ಬಿಡೋಳಲ್ಲ."

ಅವಳಿಗೆ ಭಯವಿರಲಿಲ್ಲ ಅಂದರೆ ಸುಳ್ಳು. ಆದರೆ ಓತ್ಮಾರ್ ಒಂದು ಕಡೆ ಎಡವಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಹೆಸರು ಕೊಂಡವನು, ಅದನ್ನು ಯಾರಿಗೆ ಇಟ್ಟಿದ್ದಾರೆಂದು ಕೇಳಿರಲಿಲ್ಲ. ಸ್ಕೊಲಾ ಅನ್ನುವುದು ಪಾದ್ರಿ ಕೊಟ್ಟ ಹೆಸರು. ಅವಳು ಹುಟ್ಟಿದಾಗ ಅಪ್ಪ ಕಿವಿಯಲ್ಲಿ ಉಸುರಿದ್ದು ಬಳ್ಳಿಯ ಹೆಸರನ್ನೇ. ತಮ್ಮನ ಹೆಂಡತಿಯ ಹೆಸರನ್ನು ಭಾವನಾದವನು ಬಾಯಲ್ಲಿ ತರುವಂತಿಲ್ಲ. ತಂದರೆ ಊರ ಮುಂದೆ ತಲೆ ತಗ್ಗಿಸಬೇಕು, ತಮ್ಮನ ಮನೆಯ ಅನ್ನನೀರು ಅಲ್ಲಿಗೆ ಮುಗಿಯಿತು. ಮುಂಚೆಯೇ ಹೇಳಿಬಿಟ್ಟರೆ ಅವನು ತನ್ನ ಬದಲು ಮಗನನ್ನು ಮಾತಿಗೆ ನಿಲ್ಲಿಸುತ್ತಾನೆ. ಎಲೆಕಂತೆ ಎತ್ತಿದ ಮೇಲೆ ಮಾತ್ರ ಅದನ್ನು ಬೇರೆಯವರ ಕೈಗೆ ದಾಟಿಸುವಂತಿಲ್ಲ. ಅಲ್ಲಿಯವರೆಗೆ ತುಟಿ ಹೊಲಿದುಕೊಂಡಿರಲು ಅವಳು ನಿಶ್ಚಯಿಸಿದಳು.

ಕೂಟ ಊರ ಗಂಡಸರು ಕೂಡುವ ದೊಡ್ಡ ಮನೆಯ ಅಂಗಳದಲ್ಲಿ ಸೇರಿತು. ಹೆಂಗಸರು ದೂರದ ತೆಂಗಿನ ಬುಡದಲ್ಲಿ ಕೂತರು. ಓತ್ಮಾರ್ ಎದ್ದ, ಮಾತಿನ ಪೀಠದ ಮೇಲಿದ್ದ ಎಲೆಕಂತೆ ಎತ್ತಿ ಬಡಿದ, ತನ್ನ ಅಜ್ಜ ಮುತ್ತಜ್ಜಂದಿರು ಆ ಬಳ್ಳಿ ಹಿಡಿದು ಹೊಳೆ ದಾಟಿದ್ದನ್ನು ಕಣ್ಣಾರೆ ಕಂಡವನಂತೆ ಬಣ್ಣಿಸಿದ. ಇನ್ನು ಹೆಸರೊಂದೇ ಬಾಕಿ ಇತ್ತು.

ಸ್ಕೊಲಾ ಎದ್ದು ನಿಂತಳು. ಕೂಟದಲ್ಲಿ ಹೆಂಗಸು ದನಿ ಎತ್ತುವುದುಂಟೇ? ಅವಳು ಎತ್ತಿದಳು.

"ಬ್ಲಾಸಿಯಸ್, ಅಪ್ಪ ನಂಗೇನಂತ ಹೆಸರಿಟ್ಟಿದ್ದ? ಆ ಹೆಸರಿಂದ ಕರಿ ನನ್ನ."

ತಮ್ಮ ಮಿಕಮಿಕ ನೋಡಿದ. ಅಕ್ಕ ಕಣ್ಣು ಕದಲಿಸದೆ ಅವನನ್ನೇ ನೋಡುತ್ತಿದ್ದಳು. ಆ ನೋಟಕ್ಕೋ ಏನೋ, ಕೊನೆಗೂ ಬಾಯಿ ಬಿಟ್ಟ.

"ಯಾಂಗುಮೆಲಿ."

"ಓ" ಎಂದಳು ಅವಳು, ಹೊಳೆಯಾಚೆಗೂ ಕೇಳುವ ಹಾಗೆ.

ಓತ್ಮಾರನ ಕೈಯಲ್ಲಿ ಎಲೆಗಳು ನಿಂತುಬಿಟ್ಟವು. ಹೆಸರು ನಾಲಗೆಯ ತುದಿಗೆ ಬಂದು ಕೂತಿತ್ತು. ಅವನು ತಂಬ್ವಿಯ ಕಡೆ ತಿರುಗಿದ. ಹಂದಿ ತಿಂದ ಮುದುಕ ನೆಲ ನೋಡುತ್ತಿದ್ದ. ಆಮೇಲೆ ತನ್ನ ತಮ್ಮನ ಕಡೆ ತಿರುಗಿದ.

ಕೆರೂಬಿ ಅಡಿಕೆ ಉಗಿದು ಮೆಲ್ಲಗೆ ಹೇಳಿದ: "ಹೇಳೋದಾದ್ರೆ ಹೇಳಣ್ಣ. ಆಮೇಲೆ ನಮ್ಮ ಮೆಟ್ಲು ಹತ್ಬೇಡ."

ಸ್ಕೊಲಾ ಬೆರಗಾದಳು. ಗಂಡನ ಬಾಯಿಂದ ಇಂಥ ಮಾತು ಬರಬಹುದೆಂದು ಅವಳು ಎಣಿಸಿರಲಿಲ್ಲ. ಓತ್ಮಾರ್ ಎಲೆಕಂತೆಯನ್ನು ಪೀಠದ ಮೇಲಿಟ್ಟು ಹೊರಟುಹೋದ. ಬ್ಲಾಸಿಯಸ್ ಅದನ್ನು ಎತ್ತಿಕೊಂಡು ಬಡಿದ. ಈ ಸಲ ಎಲ್ಲರಿಗೂ ಕೇಳುವಂತೆ ಬಳ್ಳಿಯ ಹೆಸರು ಹೇಳಿದ.

ಜನ ಚದುರುವಾಗ ತಂಬ್ವಿ ಅವಳನ್ನು ಅಡ್ಡಗಟ್ಟಿ, ಮುಚ್ಚಿಟ್ಟ ಹೆಸರನ್ನು ಬೀದಿಪಾಲು ಮಾಡಿದೆಯಲ್ಲ, ನಿಮ್ಮಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಬೈದ. ಆ ಮಾತು ಅವಳಿಗೆ ನಾಟಿತು. ಅಪ್ಪ ಕಿವಿಯಲ್ಲಷ್ಟೇ ಹೇಳಿದ್ದು ನಿಜ. ಇನ್ನು ಅದು ಎಲ್ಲರ ಬಾಯಲ್ಲೂ ಓಡಾಡುತ್ತದೆ.

"ನೀನು ಹಂದಿಗೆ ಮಾರ್ದೆ, ದೊಡ್ಡಪ್ಪ," ಎಂದಳು. "ನಾನು ಕರೆದಾಗ ಓಗೊಟ್ಟೆ, ಅಷ್ಟೇ."

ಹೇಳುವಾಗ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಮಧ್ಯಾಹ್ನ ತಾಯಿಯನ್ನು ದೋಣಿಯ ಮುಂದುಗಡೆ ಕೂರಿಸಿಕೊಂಡು ಕಾಲುವೆಯ ಬಾಯಿಗೆ ಹುಟ್ಟು ಹಾಕಿದಳು. ದಡದಲ್ಲಿದ್ದ ಮಕ್ಕಳು ಆಗಲೇ ಹೊಸ ಹೆಸರು ಹಿಡಿದು ಕೂಗತೊಡಗಿದ್ದವು. ಪ್ರತಿ ಸಲವೂ ಅವಳು ಓ ಅಂದಳು.