ಬಿಳಿ ಮರಿಗೆ ತಾಗಿದ ಕಣ್ಣು

ನಳಿನಿಯವರು ಮೈಸೂರಿನಲ್ಲಿ ಮೂವತ್ತು ವರ್ಷ ಗಣಿತ ಪಾಠ ಮಾಡಿದವರು. ಆದರೂ ದೃಷ್ಟಿ ತಾಗುವ ವಿಷಯ ಬಂದರೆ ಯಾವ ಲೆಕ್ಕಕ್ಕೂ ಬಗ್ಗುವವರಲ್ಲ. ಮಗಳು ಸುಚೇತಾಗೆ ಏಳು ವಾರ ಮೊದಲೇ ಹೆರಿಗೆಯಾಗಿ, ಬೊಗಸೆಯಷ್ಟು ಕೂಸು ಹ್ಯೂಸ್ಟನ್ನಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆ ಸೇರಿದ ದಿನದಿಂದ ಅವರು ಅದನ್ನು ಒಂದು ಸಲವೂ ಚೆಂದ ಎಂದಿರಲಿಲ್ಲ. ಅಳಿಯ ರಘೂತ್ತಮ ಹೊಗಳಹೊರಟರೂ "ಸಾಕು, ಸುಮ್ನಿರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆದರೆ ಹೊಗಳುವ ಚಪಲ ಎಲ್ಲಿ ಹೋದೀತು? ಹ್ಯೂಸ್ಟನ್ನಿನ ಹೊರವಲಯದ ಕೇಟಿಯಲ್ಲಿದ್ದ ತಮ್ಮ ಮನೆಯಲ್ಲಿ, ಬಾಣಂತನಕ್ಕೆ ಬಂದ ಅತ್ತೆಗೆ ಬೇಸರವಾಗದಿರಲೆಂದು ರಘೂತ್ತಮ ಟಿ.ವಿ.ಯಲ್ಲಿ ದೂರದ ಚಳಿ ದ್ವೀಪವೊಂದರ ಲೈವ್ ಕ್ಯಾಮೆರಾ ಹಾಕಿಕೊಟ್ಟಿದ್ದ. ದಡದ ತುಂಬ ಬೂದು ಸೀಲ್ ಎಂಬ ಕಡಲಪ್ರಾಣಿಗಳ ಬಾಣಂತನ. ಚಪ್ಪಟೆ ಬಂಡೆಯ ಪಕ್ಕ ಹುಟ್ಟಿದ ಹಾಲುಬಿಳುಪಿನ ಮರಿಯೊಂದು ನಳಿನಿಯವರಿಗೆ ಅಚ್ಚುಮೆಚ್ಚಾಯಿತು. ತಾಯಿ ತಾನು ತುತ್ತು ಮುಟ್ಟದೆ ಹಾಲೂಡಿಸುತ್ತಿತ್ತು. ಮರಿ ದಿನದಿನಕ್ಕೂ ಉಬ್ಬಿ ದಿಂಬಿನಂತಾಯಿತು. "ಅಯ್ಯೋ ನನ್ನ ಗುಂಡ, ಎಷ್ಟು ದುಂಡಗಾಗಿದೀಯೋ!" ಎಂದು ಮೊಮ್ಮಗನಿಗಾಗಿ ಕೂಡಿಟ್ಟ ಮಾತನ್ನೆಲ್ಲ ಅದಕ್ಕೆ ಸುರಿದರು.

ಮೂರನೆಯ ವಾರ ಐ-ಟೆನ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಆಸ್ಪತ್ರೆಗೆ ಓಡಾಡುವುದರಲ್ಲೇ ನಾಲ್ಕು ದಿನ ಕಳೆಯಿತು. ಐದನೆಯ ದಿನ ಟಿ.ವಿ. ಹಾಕಿದರೆ ಬಂಡೆಯ ಪಕ್ಕ ತಾಯಿಯೂ ಇಲ್ಲ, ಬಿಳಿ ಮರಿಯೂ ಇಲ್ಲ. ನಳಿನಿಯವರು ಪರದೆಯ ಮೂಲೆಮೂಲೆಯಲ್ಲೂ ಹುಡುಕಿದರು. ತನ್ನ ಕಣ್ಣೇ ತಾಗಿತು, ಸಂಶಯವೇ ಇಲ್ಲ.

ಮರುದಿನವೇ ಕೂಸು ಮನೆಗೆ ಬಂತು. ಅಜ್ಜಿ ಮಾತ್ರ ಅಡುಗೆಮನೆ ಬಿಟ್ಟು ಬರಲಿಲ್ಲ. ಸಬ್ಬಸಿಗೆ ಸೊಪ್ಪು ಬಿಡಿಸಿದರು, ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು.

"ಎತ್ಕೊ ಅಂದ್ರೆ ಯಾಕಮ್ಮ ಹೀಗಾಡ್ತೀಯಾ?" ಬಾಗಿಲಲ್ಲಿ ನಿಂತ ಸುಚೇತಾಳ ಕಣ್ಣು ತುಂಬಿತ್ತು. "ಮಗು ಬಡಕಲು ಅಂತ ಬೇಜಾರಾ ನಿಂಗೆ?"

ಆ ಮಾತನ್ನು ನಳಿನಿಯವರು ತಾಳಲಾರದೆ ಹೋದರು. "ನನ್ನ ಕಣ್ಣು ಒಳ್ಳೇದಲ್ಲ ಕಣೇ. ಆ ಸೀಲ್ ಮರೀನ ಹೊಗಳಿ ಹೊಗಳಿ ಕೊಂದ್ಬಿಟ್ಟೆ. ಇವನ್ನ ಹ್ಯಾಗೆ ನೋಡ್ಲಿ?" ಎಂದು ಬಿಕ್ಕಿದರು.

ರಘೂತ್ತಮ ನಗಲಿಲ್ಲ, ಅದೊಂದು ಪುಣ್ಯ. ಕ್ಯಾಮೆರಾದ ಹಿಂದಿನ ದಿನಗಳ ರೆಕಾರ್ಡಿಂಗ್ ಹಾಕಿದ. ತಾಯಿ ಹಾಲು ಬಿಡಿಸಿ ಕಡಲಿಗಿಳಿಯಿತು. ಮರಿ ಅಲ್ಲೇ ಉಳಿಯಿತು. ಮೊದಲು ಮುಖದ ಬಿಳಿ ತುಪ್ಪಳ, ಆಮೇಲೆ ಬೆನ್ನಿನದು, ಹಿಡಿಹಿಡಿಯಾಗಿ ಉದುರಿತು. ಕೆಳಗಿನಿಂದ ಹೊರಬಂದದ್ದು ನುಣ್ಣನೆಯ ಬೂದು ಮೈ, ಅದರ ತುಂಬ ಕಪ್ಪು ಚುಕ್ಕೆ.

"ಸತ್ತಿಲ್ಲ ಅತ್ತೆ. ನೀವು ಬಿಳೀದನ್ನ ಹುಡುಕ್ತಾ ಇದ್ರಿ. ಇಲ್ನೋಡಿ, ಇದು ಈಗಿಂದು."

ಬಂಡೆಯಿಂದ ನಾಲ್ಕು ಮಾರು ದೂರದಲ್ಲಿ, ಕತ್ತಿಗೆ ಇನ್ನೂ ಚೂರು ಬಿಳಿ ತುಪ್ಪಳ ಅಂಟಿಸಿಕೊಂಡು ಗುಂಡ ಆಕಳಿಸುತ್ತಿದ್ದ.

ನಳಿನಿಯವರು ಮೂಗೊರೆಸಿಕೊಂಡು ಪರದೆಯ ಹತ್ತಿರ ಹೋದರು. "ಇದೇನೇ, ಮೈತುಂಬ ದೃಷ್ಟಿಬೊಟ್ಟು ಇಟ್ಕೊಂಡಿದೆ! ನನ್ನಂಥ ಹತ್ತು ಅಜ್ಜೀರು ನೋಡಿದ್ರೂ ಇದಕ್ಕೇನಾಗಲ್ಲ ಬಿಡು."

ಆಮೇಲೆ ಸೋಫಾದಲ್ಲಿ ಕೂತು ಕೈ ಚಾಚಿದರು. ಸುಚೇತಾ ಮಗುವನ್ನು ಮಡಿಲಲ್ಲಿಟ್ಟಳು. ಅವರು ಹೆದರುತ್ತಲೇ ಮುಖ ನೋಡಿದರು, ನೋಡಿದ ಮೇಲೆ ಕಣ್ಣು ಕೀಳಲಾಗಲಿಲ್ಲ.

"ಎಷ್ಟು ಚೆಂದ ಇದೀಯೋ ನನ್ನ ರಾಜ!"

ಮಗುವನ್ನು ಯಾರಾದರೂ ಹಾಗೆನ್ನಲೆಂದು ಮೂರು ವಾರದಿಂದ ಕಾದಿದ್ದ ಸುಚೇತಾ ಅಮ್ಮನ ಹೆಗಲಿಗೆ ಒರಗಿದಳು. "ಇನ್ನೊಂದ್ಸಲ ಹೇಳಮ್ಮ," ಎಂದಳು.