ಸ್ಕ್ಯಾನಿಗೆ ಸಿಗದ ನೋವು

ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದಾಗ ಮನೆಯವರೆಲ್ಲ ಖುಷಿಪಟ್ಟರು, ನನ್ನೊಬ್ಬಳಿಗೆ ಅಳು ಬಂತು. ಅಪೆಂಡಿಕ್ಸ್ ತೆಗೆಸಿ ವರ್ಷವಾಗುತ್ತ ಬಂದಿತ್ತು. ಗಾಯ ಮಾಗಿ ಬರೀ ಗೆರೆ ಉಳಿದಿತ್ತು. ಆದರೂ ಹೊಲಿಗೆ ಯಂತ್ರದ ಪೆಡಲ್ ತುಳಿದರೆ ಸಾಕು, ಹೊಟ್ಟೆಯ ಬಲಗಡೆ ಚುಳ್ ಎನ್ನುತ್ತಿತ್ತು. ಸೀನು ಬಂದರಂತೂ ಜೀವವೇ ಬಾಯಿಗೆ ಬರುತ್ತಿತ್ತು.

ಅಂಗಡಿ ನನ್ನದೂ ಅಕ್ಕನದೂ. ಅವಳು ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಈಗ ಕತ್ತರಿಸಿಟ್ಟ ಬಟ್ಟೆಗಳು ಮೇಜಿನ ಮೇಲೆ ಹಾಗೇ ರಾಶಿ ಬಿದ್ದಿದ್ದವು.

"ಅಪೆಂಡಿಕ್ಸ್ ಹೋದ್ರೂ ನಿನ್ನ ನಾಟಕ ಹೋಗ್ಲಿಲ್ಲ ನೋಡು," ಎಂದಳು ಅಕ್ಕ.

ನನಗೆ ಮೈಯೆಲ್ಲ ಉರಿಯಿತು. "ಹೌದು ಕಣೇ, ಟಿಕೆಟ್ ತಗೊಂಡು ಬಂದು ನೋಡು!" ಎಂದೆ. ಬೇರೆಯವರು ಏನಾದರೂ ಅಂದುಕೊಂಡು ಹಾಳಾಗಿಹೋಗಲಿ. ಅಕ್ಕನೇ ನಂಬದಿದ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಜ್ವರ ಬಂದರೆ ಇವತ್ತಿಗೂ ನನಗೆ ಅವಳ ಮಡಿಲೇ ಬೇಕು.

ಬೇರೆ ಡಾಕ್ಟರಿಗೆ ತೋರಿಸಲು ಹೊರಟಾಗ, "ಇದೇ ಕೊನೆ," ಎಂದು ಗೊಣಗುತ್ತಲೇ ಅವಳೂ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಡಾಕ್ಟರಮ್ಮ ನನ್ನ ಫೈಲನ್ನು ಪಕ್ಕಕ್ಕಿಟ್ಟು, ನನ್ನನ್ನು ಮಲಗಿಸಿ, "ಒಂದೇ ಬೆರಳಲ್ಲಿ ತೋರ್ಸಿ, ಎಲ್ಲಿ ನೋವು?" ಎಂದರು. ಮಲಗಿಕೊಂಡೇ ತೋರಿಸಿದೆ. ಅಲ್ಲೇ ಒತ್ತಿ ಹಿಡಿದು, "ಈಗ ತಲೆ ಎತ್ತಿ," ಎಂದರು. ಎತ್ತಿದೆ. ಅಯ್ಯಮ್ಮಾ! ನೋವು ಇನ್ನೂ ಹೆಚ್ಚಾಯಿತು.

"ಒಳಗಿನ ನೋವಾಗಿದ್ರೆ ಹೊಟ್ಟೆ ಬಿಗಿದಾಗ ಕಡಿಮೆ ಆಗ್ಬೇಕಿತ್ತು," ಎಂದರು. "ಇದು ಮೇಲಿನ ಪದರದ್ದು. ಗಾಯದ ಹತ್ರ ಒಂದು ನರ ಸಿಕ್ಕಿಹಾಕ್ಕೊಂಡಿರೋ ಹಾಗಿದೆ. ಸ್ಕ್ಯಾನಲ್ಲಿ ಕಾಣಲ್ಲ. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ನೋಡೋಣ. ಪೂರ್ತಿ ಹೋಗೋಕೆ ಇನ್ನೂ ಒಂದೆರಡು ಸಲ ಬೇಕಾಗ್ಬಹುದು."

ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಎದ್ದು ಕೂರಲು ಹೇಳಿದರು. ನೆಟ್ಟಗೆ ಕೂತೆ. ಬೇಕೆಂದೇ ಕೆಮ್ಮಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ಕೆಮ್ಮಿದೆ. ಆಮೇಲೆ ಗೊಳೋ ಎಂದು ಅತ್ತುಬಿಟ್ಟೆ.

ಬಾಗಿಲು ದಡಾರನೆ ತೆರೆಯಿತು. ಅಕ್ಕ ನುಗ್ಗಿದಳು. "ಏನ್ರೀ ಮಾಡಿದ್ರಿ ನನ್ನ ತಂಗಿಗೆ? ಸುಮ್ಸುಮ್ನೆ ಅಳೋಳಲ್ಲ ಅವಳು! ಎಷ್ಟು ನೋವು ನುಂಗ್ಕೊಂಡಿದಾಳೆ ಗೊತ್ತಾ ನಿಮಗೆ?"

ಡಾಕ್ಟರಮ್ಮ ಕಣ್ಣುಕಣ್ಣು ಬಿಟ್ಟರು. ನಾನು ಕೂತಲ್ಲಿಂದಲೇ ಅಕ್ಕನ ಸೊಂಟ ತಬ್ಬಿಕೊಂಡೆ.

"ನೋವಿಲ್ಲ ಕಣೇ, ಅದಕ್ಕೇ ಅಳ್ತಿರೋದು," ಎಂದೆ. "ಹಾಗಾದ್ರೆ ನೀನು ನಂಬಿದ್ಯಾ?"

"ಮುಚ್ಚು ಬಾಯಿ," ಎಂದು ಅಕ್ಕ ಕಣ್ಣೊರೆಸಿಕೊಂಡಳು. "ನಾಟಕ ಅಂದ್ಕೊಂಡ್ರೆ ರಾತ್ರಿ ನಿದ್ದೆನಾದ್ರೂ ಬರ್ತಿತ್ತು ಕಣೇ. ನಂಬಿದ್ರೆ ಭಯ ಆಗ್ತಿತ್ತು ನಂಗೆ."