ಇಬ್ಬರಿಗೆ ಮಾತ್ರ ಗೊತ್ತಿದ್ದ ಪಾಸ್‌ವರ್ಡ್

ರಾಜಾರಾಮ ಪಂಚಾಯಿತಿಯ ಗುಮಾಸ್ತ. ಫಲಾನುಭವಿಗಳ ಯಾದಿ ಬರೆದು ಬರೆದು ಅವನಲ್ಲೊಂದು ನಂಬಿಕೆ ಬೇರೂರಿತ್ತು: ಯಾದಿಯಲ್ಲಿ ಮೊದಲು ಬಂದದ್ದೇ ಶ್ರೇಷ್ಠ. ೨೦೧೧ರಲ್ಲಿ ಮನೆಗೆ ವೈಫೈ ಬಂದ ದಿನ, ಯಾವ ಗೂಢಲಿಪಿಯ ಬೀಗ ಬೇಕೆಂದು ಪರದೆ ಕೇಳಿತು. ವೆಪ್, ಡಬ್ಲ್ಯೂಪಿಎ, ಡಬ್ಲ್ಯೂಪಿಎ-ಟೂ. ಮಹಾರಾಯ ಹಿಂದೆಮುಂದೆ ನೋಡದೆ ಮೊದಲನೆಯದನ್ನು ಒತ್ತಿದ. ಹೆಂಡತಿ ನೀಲಮ ಅತ್ತ ಲಕ್ಷ್ಯವನ್ನೇ ಕೊಡಲಿಲ್ಲ.

ಎರಡು ವರ್ಷದ ಮೇಲೆ ಅವಳ ಜೀವವೆಲ್ಲ ಆ ಬೀಗದಲ್ಲೇ ಸಿಕ್ಕಿಕೊಂಡಿತು. ಗಂಡನ ಮೇಲೆ ತಾಲೂಕು ಕಚೇರಿಗೆ ಹೆಸರಿಲ್ಲದ ಎರಡು ದೂರಿನ ಇ-ಮೇಲ್ ಕಳಿಸಿದವಳು ಅವಳೇ. ಗುಡಿಸಲಲ್ಲಿ ಒಬ್ಬಳೇ ಇದ್ದ ವಿಧವೆ ಅಕ್ಕುತಾಯಿಗೆ ಸರಕಾರಿ ಮನೆ ಮಂಜೂರಾಗಿತ್ತು. ರಾಜಾರಾಮ ಅವಳ ಹೆಸರು ಹೊಡೆದು ಗೆಳೆಯ ಭೀಮಗೊಂಡನ ಹೆಸರು ತುರುಕಿದ. ಆ ಮನೆಯಲ್ಲಿ ಈಗ ಭೀಮಗೊಂಡನ ಎಮ್ಮೆಗಳು ಮೇವು ತಿನ್ನುತ್ತಿವೆ. ತಿದ್ದಿದ ಯಾದಿಯನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಟ್ಟವಳು ನೀಲಮ. ಇದು ಸರಿಯಲ್ಲ ಎಂದದ್ದಕ್ಕೆ, ಹೇಳಿದಷ್ಟು ಮಾಡು ಎಂದು ಗದರಿಸಿಕೊಂಡವಳೂ ಅವಳೇ. ಅಂದಿನಿಂದ ಗಂಡನ ಮುಖ ಕಂಡರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

ಹೆಸರು ಹಾಕದಿದ್ದರೆ ಯಾರಿಗೂ ತಿಳಿಯದು ಎಂದುಕೊಂಡಿದ್ದಳು. ಆದರೆ ಮೇಲ್ ಹೊರಟದ್ದು ರಾಜಾರಾಮನ ಕನೆಕ್ಷನ್ನಿನಿಂದಲೇ ಎಂದು ಪತ್ತೆಯಾಯಿತು. ಹೇಳಿದ್ದನ್ನು ಟೈಪ್ ಮಾಡುವವಳು ತಾನಾಗಿ ಏನಾದರೂ ಬರೆದಾಳೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಗೋಡೆಯಾಚೆಯ ತಮ್ಮ ಲಖನನೇ ವೈಫೈ ಕದ್ದು ಬರೆದಿದ್ದಾನೆಂದು ಅವನ ಸಂಶಯ. ಆಸ್ತಿ ವಾಟಣಿಯಾಗಿ ಮನೆ ಎರಡಾದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಮೇಲಾಗಿ ಲಖನನಿಗೆ ನಿಪ್ಪಾಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ರಾಜಾರಾಮ ಅಂಗಡಿಗೇ ಹೋಗಿ ಗಿರಾಕಿಗಳೆದುರು ತಮ್ಮನ ಕೊರಳಪಟ್ಟಿ ಹಿಡಿದ. ಅವನ ದೂರಿನ ಮೇಲೆ ಪೊಲೀಸರು ಲಖನನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರು. ಗಿರಾಕಿಗಳು ಅಂಗಡಿಯತ್ತ ಹಾಯುವುದನ್ನೇ ಬಿಟ್ಟರು.

ಅಷ್ಟಕ್ಕೂ ರಾಜಾರಾಮನ ಹೊಟ್ಟೆ ತಣ್ಣಗಾಗಲಿಲ್ಲ. ಚಿಕ್ಕೋಡಿಯಿಂದ ದಶರಥ ಎಂಬ ನೆಟ್‌ವರ್ಕಿನವನನ್ನು ಕರೆಸಿದ. ಸೆಟ್ಟಿಂಗ್ ನೋಡಿ ದಶರಥನಿಗೆ ನಗು ತಡೆಯಲಾಗಲಿಲ್ಲ. ವೆಪ್ ಎಂದರೆ ದಾರ ಕಟ್ಟಿದ ಬಾಗಿಲು, ಬಲ್ಲವರು ಹತ್ತು ನಿಮಿಷಕ್ಕೆ ಬಿಚ್ಚುತ್ತಾರೆ. ಡಬ್ಲ್ಯೂಪಿಎ-ಟೂ ಹಾಕಿ ಉದ್ದನೆಯ ಪಾಸ್‌ವರ್ಡ್ ಇಟ್ಟರೆ ಹೊರಗಿನವರ ಆಟ ನಡೆಯದು ಎಂದ.

"ಹಾಕ್ರಿ," ಎಂದ ರಾಜಾರಾಮ. "ಇನ್ನ ಮ್ಯಾಲೆ ಮೇಲ್ ನಿಂತ್ವು ಅಂದ್ರ, ಬರದಾಂವ ಲಖನನ ಅಂತ ಸಾಬೀತ ಆಗ್ತೈತಿ. ಅವನ್ನ ಒಳಗ ಹಾಕಸೂಮಟ ಬಿಡಾಂವಲ್ಲ ನಾ."

ಚಹಾ ತಂದ ನೀಲಮಳಿಗೆ ಇದೆಲ್ಲ ಕೇಳಿಸಿತು. ಮೇಲ್ ನಿಂತರೆ ಮೈದುನ ಜೈಲಿಗೆ. ನಿಲ್ಲದಿದ್ದರೆ ಕಳ್ಳರು ಮನೆಯೊಳಗೇ ಇದ್ದಾರೆಂದು ಗೊತ್ತಾಗುತ್ತದೆ. ಅಷ್ಟರಲ್ಲಿ ದಶರಥ ಅವಳತ್ತ ತಿರುಗಿ, ತೀರ ಹಳೆಯ ಲ್ಯಾಪ್‌ಟಾಪಿಗೆ ಟೂ ಹಿಡಿಯುವುದಿಲ್ಲ, ನಿಮ್ಮದು ಎಷ್ಟು ವರ್ಷದ್ದು ಎಂದು ಕೇಳಿದ. ಹಳೆಯದು ಎಂಬ ಒಂದು ಸುಳ್ಳು ಸಾಕಿತ್ತು. ವೆಪ್ ಉಳಿಯುತ್ತಿತ್ತು, ಅವಳೂ ಉಳಿಯುತ್ತಿದ್ದಳು, ಲಖನನಿಗೆ ಅಂಟಿದ ಕೆಸರೂ ಉಳಿಯುತ್ತಿತ್ತು.

"ಹೊಸಾದ ಐತ್ರಿ," ಎಂದಳು ನೀಲಮ. "ಟೂನ ಹಾಕ್ರಿ."

ದಶರಥನನ್ನು ಹೊರಗೆ ನಿಲ್ಲಿಸಿ ರಾಜಾರಾಮನೇ ಪಾಸ್‌ವರ್ಡ್ ಒತ್ತಿದ. ಯಾದಿ ಟೈಪ್ ಮಾಡಬೇಕಾದವಳು ಎಂದು ಅವಳಿಗಷ್ಟೇ ಹೇಳಿದ. ಬೇರೆ ಯಾರ ಕಿವಿಗಾದರೂ ಬಿದ್ದರೆ ನಾಲಿಗೆ ಸೀಳುತ್ತೇನೆ ಎಂದೂ ಸೇರಿಸಿದ.

ಮೂರನೆಯ ದಿನ ಮಧ್ಯಾಹ್ನ ತಾಲೂಕು ಕಚೇರಿಯಿಂದ ಅವನಿಗೆ ಫೋನು ಬಂತು. ನಿಮ್ಮ ಕನೆಕ್ಷನ್ನಿನಿಂದ ಇನ್ನೊಂದು ಮೇಲ್ ಬಂದಿದೆ ಎಂಬಷ್ಟು ಕೇಳಿ, ಉಳಿದದ್ದನ್ನು ಕೇಳದೆ ಮನೆಗೆ ಓಡಿಬಂದ. ಲಖನನಿಗೆ ಪಾಸ್‌ವರ್ಡ್ ಕೊಟ್ಟೆಯಾ ಎಂದು ಹೆಂಡತಿಯ ಮೈಮೇಲೆ ಏರಿಹೋದ.

"ಯಾರಿಗೂ ಕೊಟ್ಟಿಲ್ರಿ," ಎಂದಳು ನೀಲಮ. "ಗೊತ್ತಿದ್ದದ್ದು ಇಬ್ಬರಿಗೆ. ನೀವಂತೂ ಬರದಿಲ್ಲ."

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದದ್ದೇ ಕೈ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ.

"ಹೊಡೀರಿ. ಆದ್ರ ಈ ಸಲ ಕೆಳಗ ನನ್ನ ಹೆಸರ ಹಾಕೀನಿ. ಮೂರೂ ನಾನ ಬರದೀನಿ, ಲಖನ ಅಲ್ಲ ಅಂತ ಬರದೀನಿ. ಪೊಲೀಸರಿಗೂ ಒಂದ ಕಳಸೀನಿ."

ರಾಜಾರಾಮ ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ.